ಟೀಚರಿಗೆ ಇಂಗ್ಲಿಷ್ ಬರೋದಿಲ್ಲ

ಆಗಸ್ಟ್ 11

ಇವತ್ತಿನಿಂದ ನನಗೆ ಇಂಗ್ಲಿಷ್ ಬರುವುದಿಲ್ಲ.

ಹಾಗೆಂದು ತೀರ್ಮಾನಿಸಿದವರು ನಮ್ಮ ಅನಂತಪದ್ಮನಾಭ. ಕಂಪ್ಯೂಟರ್ ಚಿಪ್ ಕಂಪನಿಯಿಂದ ನಿವೃತ್ತರಾದ ಮೇಲೆ ಹೆಂಡತಿಯ ಜೊತೆ ಸ್ಕಾಟ್‌ಲೆಂಡ್ ನೋಡಲು ಹೋದರು. ಉಳಿದವರು ಅಲ್ಲಿಂದ ಉಣ್ಣೆ ಶಾಲು ತರುತ್ತಾರೆ. ಈ ಮಹಾನುಭಾವರು ಒಂದು ಶಾಲೆಯನ್ನೇ ಹೊತ್ತು ತಂದರು. ಅಲ್ಲಿ ಯಾವುದೋ ದ್ವೀಪದ ಪ್ರೈಮರಿ ಶಾಲೆಯಲ್ಲಿ ಗೇಲಿಕ್ ಎಂಬ ಅವರ ಹಳೆಯ ಭಾಷೆಯಲ್ಲೇ ಲೆಕ್ಕ, ವಿಜ್ಞಾನ, ಆಟ, ಊಟ ಎಲ್ಲ ನಡೆಯುತ್ತದಂತೆ. ಮನೆಯಲ್ಲಿ ಬರೀ ಇಂಗ್ಲಿಷ್ ಕೇಳಿ ಬಂದ ಮಕ್ಕಳೂ ಒಂದೆರಡು ವರ್ಷದಲ್ಲಿ ಗೇಲಿಕ್‌ನಲ್ಲೇ ಜಗಳ ಆಡುತ್ತಾರಂತೆ. ಇಸಬೆಲ್ ಎಂಬ ಅಲ್ಲಿನ ಟೀಚರ್ ಇವರಿಗೆ ಹೇಳಿಕೊಟ್ಟ ಉಪಾಯ ಒಂದೇ: ಟೀಚರಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಮಕ್ಕಳು ನಂಬಬೇಕು.

"ಬೇರೆ ದಾರಿ ಇಲ್ಲ ಅಂದ್ರೆ ಮಕ್ಕಳು ಕನ್ನಡ ಮಾತಾಡೇ ಆಡ್ತಾರೆ ಶೈಲಜಾ. ಸಿಂಪಲ್ ಲಾಜಿಕ್ಕು," ಎಂದರು.

ಹೀಗೆ ಅಮೆರಿಕದ ಈ ಸಾಂಟಾ ಕ್ಲಾರಾದ ಎಲ್ ಕಮೀನೋ ರಸ್ತೆಯಲ್ಲಿ, ಒಂದು ಚರ್ಚಿನ ಹಿಂದಿನ ಬಾಡಿಗೆ ಕೋಣೆಯಲ್ಲಿ, ಒಂದು ಮತ್ತು ಎರಡನೇ ತರಗತಿಗೆ ದಿನಪೂರ್ತಿ ಕನ್ನಡ ಮಾಧ್ಯಮದ ಶಾಲೆ ಶುರುವಾಯಿತು. ನಾನು ಟೀಚರು. ನನ್ನ ಮಗಳು ನಿಸರ್ಗಾ ಎರಡನೇ ತರಗತಿ. ಮಾರ್ಚಿನಲ್ಲಿ ಪೋಷಕರ ಮುಂದೆ ಪ್ರದರ್ಶನ. ಅವರು ಒಪ್ಪಿದರೆ ಮುಂದಿನ ವರ್ಷವೂ ಶಾಲೆ, ಇಲ್ಲದಿದ್ದರೆ ಬೀಗದ ಕೈ ಚರ್ಚಿನವರಿಗೆ.

ಯೋಚಿಸಿದರೆ ನಗು ಬರುತ್ತದೆ. ಮಂಡ್ಯದ ಕನ್ನಡ ಮೀಡಿಯಮ್ಮಿನಿಂದ ಇಂಜಿನಿಯರಿಂಗ್ ಕಾಲೇಜಿಗೆ ಹೋದಾಗ ನಾನು ಬಾಯಿ ಬಿಟ್ಟರೆ ಹಿಂದಿನ ಬೆಂಚಿನವರು ಮುಸಿಮುಸಿ ನಗುತ್ತಿದ್ದರು. ಇಲ್ಲಿಗೆ ಬಂದು ವಿಮಾ ಕಂಪನಿಯ ಫೋನಿನ ಮುಂದೆ ವರ್ಷಗಟ್ಟಲೆ ಕೂತು, ಅತ್ತ ಕಡೆಯವರು 'ಸಾರಿ? ಸಾರಿ?' ಎಂದಾಗಲೆಲ್ಲ ಮತ್ತೆ ಮತ್ತೆ ಹೇಳಿ, ನಾಲಿಗೆ ತಿದ್ದಿಕೊಂಡೆ. ಆ ಕೆಲಸ ಹೋಯಿತು. ಈಗ ಅಷ್ಟು ಪಾಡುಪಟ್ಟು ಕಲಿತಿದ್ದನ್ನು ಬರುವುದಿಲ್ಲ ಎಂದು ನಟಿಸುವುದಕ್ಕೆ ಸಂಬಳ. ಇರಲಿ.

ನಿಸರ್ಗಾಗೆ ಮಾತ್ರ ಗುಟ್ಟು ಹೇಳಿದೆ. ಅವಳಿಗೆ ಗೊತ್ತಲ್ಲ, ಮುಚ್ಚಿಡುವುದು ಹೇಗೆ?

"ಸೋ ಐ ಹ್ಯಾವ್ ಟು ಲೈ, ಅಮ್ಮಾ?"

"ಸುಳ್ಳಲ್ಲ ಪುಟ್ಟಾ, ಆಟ. ನಾನೂ ನೀನೂ ಸೇರಿ ಆಡೋ ಆಟ."

ಕಿಲಕಿಲ ನಕ್ಕು ಕಿರುಬೆರಳು ಕೊಟ್ಟಳು. ನನಗೆ ಬೇಕಾಗಿರುವುದು ಬೇರೇನೂ ಅಲ್ಲ. ಏಳು ವರ್ಷದ ನನ್ನ ಮಗಳು ಎಲ್ಲ ಕೇಳಿಸಿಕೊಂಡು ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾಳೆ. ಅವಳು ನನ್ನ ಹತ್ತಿರ ಕನ್ನಡದಲ್ಲಿ ಮಾತಾಡಬೇಕು. ಬೈದರೂ ಸರಿ, ಕನ್ನಡದಲ್ಲಿ ಬೈಯಲಿ.

ಆಗಸ್ಟ್ 15

ಮೊದಲ ವಾರವೇ ಪರೀಕ್ಷೆ. ಪ್ರದ್ಯುಮ್ನ ಎಂಬ ತುಂಟ ಇದ್ದಾನೆ, ಅವನ ತಾಯಿ ರಂಜನಿ ಮೈಸೂರಿನವಳು, ಡಾಕ್ಟರು. ಈ ಹುಡುಗ ನನ್ನ ಎದುರು ನಿಂತು ಇಂಗ್ಲಿಷ್‌ನಲ್ಲಿ, ನಿಮ್ಮ ತಲೆ ಮೇಲೆ ಜೇಡ ಇದೆ ಎಂದ. ಮೈಯೆಲ್ಲ ಜುಂ ಎಂದಿತು. ಅಲ್ಲಾಡಲಿಲ್ಲ. "ಏನಪ್ಪಾ? ನನಗೆ ಅರ್ಥ ಆಗ್ಲಿಲ್ಲ. ಕನ್ನಡದಲ್ಲಿ ಹೇಳಿ," ಎಂದೆ. ಮಕ್ಕಳಿಗೂ ಬಹುವಚನ, ಅದೂ ಅನಂತಪದ್ಮನಾಭರ ಅಪ್ಪಣೆ. ಮಕ್ಕಳೆಲ್ಲ ಮುಖ ಮುಖ ನೋಡಿಕೊಂಡು ನಂಬಿದರು. ನಿಸರ್ಗಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಗು ತಡೆದಳು.

ಸನ್ನಿವೇಲ್‌ನ ನಮ್ಮ ಮನೆ ಮುಟ್ಟುವವರೆಗೂ ಕಾರಿನಲ್ಲಿ ಅದೇ ಮಾತು. ಅಮ್ಮಾ, ಯು ವರ್ ಸೋ ಗುಡ್, ಅಮ್ಮಾ, ಡಿಡ್ ಯು ಸೀ ಹಿಸ್ ಫೇಸ್, ಅಮ್ಮಾ, ಅಮ್ಮಾ. ಇವಳ ಬಾಯಿಗೆ ಬ್ರೇಕೇ ಇಲ್ಲ. ರೇಡಿಯೋ ಹಾಕಲೂ ಬಿಡುವುದಿಲ್ಲ.

ಸೆಪ್ಟೆಂಬರ್ 9

ಪೋಷಕರ ಮೀಟಿಂಗು. ಅನಂತಪದ್ಮನಾಭ ಶುರು ಮಾಡಿದರೆ ಕಾಫಿ ಆರಿ, ಕೆನೆ ಕಟ್ಟಿ, ಆ ಕೆನೆಯೂ ಒಣಗಬೇಕು. ಶಾಲೆಯಲ್ಲಿ ಮಾತ್ರ ಕನ್ನಡ ಸಾಲದಂತೆ. ಮನೆ, ಕಾರು, ಗ್ರೋಸರಿ ಅಂಗಡಿ, ಎಲ್ಲ ಕಡೆ ನಿಯಮ ಇರಬೇಕಂತೆ. "ನೂರಕ್ಕೆ ತೊಂಬತ್ತಲ್ಲ, ನೂರಕ್ಕೆ ನೂರು. ನಾವೆಲ್ಲ ರ್ಯಾಂಕ್ ಬಂದೋರು, ಇದೇನು ಮಹಾ?" ಎಂದರು. ಎಲ್ಲರೂ ಕೈ ಎತ್ತಿ ಪ್ರತಿಜ್ಞೆ ಮಾಡಿದರು. ಪಾರ್ಕಿಂಗ್ ಲಾಟಿಗೆ ಬರುವಷ್ಟರಲ್ಲಿ ಎಲ್ಲರ ಬಾಯಲ್ಲೂ ಇಂಗ್ಲಿಷು. ರಂಜನಿಯಂತೂ ಕಾರಿನ ಬಾಗಿಲು ತೆಗೆಯುತ್ತಲೇ ಪ್ರದ್ಯುಮ್ನನಿಗೆ, "ಪ್ರಡೀ, ಸೀಟ್ ಬೆಲ್ಟ್, ಹನೀ," ಎಂದಳು. ಆಷಾಢಭೂತಿಗಳು.

ನಾನು ಹಾಗಲ್ಲ. ಇವತ್ತಿನಿಂದ ಮನೆಯಲ್ಲೂ ನಿಯಮ.

ನನ್ನ ಗಂಡ ಜಯರಾಮ್ ರೆಡ್‌ವುಡ್ ಸಿಟಿಯ ಆಫೀಸಿನಿಂದ ಬಂದವರೇ ಕೇಳಿ ಹುಬ್ಬು ಗಂಟಿಕ್ಕಿದರು. "ಮನೇಲೂನಾ? ತಲೆಗಿಲೆ ಕೆಟ್ಟಿದ್ಯಾ ಶೈಲೂ? ಮಗೂಗೆ ನಿನ್ ಹತ್ರ ಏನಾದ್ರೂ ಹೇಳ್ಬೇಕು ಅನ್ಸಿದ್ರೆ?"

"ಕನ್ನಡದಲ್ಲಿ ಹೇಳ್ತಾಳೆ."

ಇವರಿಗೆ ಎಲ್ಲದಕ್ಕೂ ಒಂದು ಕೊಕ್ಕೆ.

ಸೆಪ್ಟೆಂಬರ್ 12

ಸಾಯಂಕಾಲ ಕಾರಿನಲ್ಲಿ ನಿಸರ್ಗಾ ಏನೋ ದೊಡ್ಡ ಕಥೆ ಶುರು ಮಾಡಿದಳು, ಇಂಗ್ಲಿಷ್‌ನಲ್ಲಿ. "ಅರ್ಥ ಆಗ್ಲಿಲ್ಲ, ಕನ್ನಡದಲ್ಲಿ ಹೇಳಿ," ಎಂದೆ. ನಕ್ಕಳು. ಇಲ್ಲಿ ಯಾರೂ ಇಲ್ಲವಲ್ಲ ಅಮ್ಮಾ ಎಂದಳು, ಅದೂ ಇಂಗ್ಲಿಷ್‌ನಲ್ಲೇ. ನಾನು ಮತ್ತೆ ಅದನ್ನೇ ಹೇಳಿದೆ. ಮೂರನೇ ಸಲಕ್ಕೆ ನಗು ನಿಂತಿತು. ಕಿಟಕಿಯ ಹೊರಗೆ ನೋಡುತ್ತಾ, "ಏನಿಲ್ಲ," ಎಂದಳು.

ಅಚ್ಚ ಕನ್ನಡ! ಅನಂತಪದ್ಮನಾಭರಿಗೆ ಮೆಸೇಜು ಹಾಕಿದೆ.

ಸೆಪ್ಟೆಂಬರ್ 27

ಎಲ್ ಕಮೀನೋದ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ತೆಗೆದುಕೊಂಡು ಸಾಲಿನಲ್ಲಿ ನಿಂತಿದ್ದಾಗ ಹಿಂದೆಯೇ ರಂಜನಿ ಮತ್ತು ಪ್ರದ್ಯುಮ್ನ. ಕೌಂಟರಿನ ಹುಡುಗಿ ಚೀಲ ಬೇಕಾ ಎಂದು ಇಂಗ್ಲಿಷ್‌ನಲ್ಲಿ ಕೇಳಿದಳು. ಉತ್ತರ ಕೊಟ್ಟರೆ ಇಷ್ಟು ದಿನದ ನಟನೆ ನೀರುಪಾಲು. ಸುಮ್ಮನೆ ಕಣ್ಣು ಕಣ್ಣು ಬಿಟ್ಟೆ. ಆ ಹುಡುಗಿ ಜೋರಾಗಿ, ಒಂದೊಂದೇ ಪದ ಬಿಡಿಸಿ ಕೇಳಿದಳು, ಕಿವುಡಿಗೆ ಕೇಳಿದ ಹಾಗೆ. ಕೊನೆಗೆ ನಿಸರ್ಗಾ ಮುಂದೆ ಬಂದು, ತಲೆ ತಗ್ಗಿಸಿಕೊಂಡು ನನ್ನ ಪರವಾಗಿ ಉತ್ತರ ಹೇಳಿದಳು. ಹೊರಗೆ ಬಂದ ಮೇಲೆ ಚೀಲ ಹಿಡಿದುಕೊಂಡು ನನಗಿಂತ ಮುಂದೆ ಮುಂದೆ ನಡೆದಳು. ಜವಾಬ್ದಾರಿ ಬರುತ್ತಿದೆ ಹುಡುಗಿಗೆ.

ಅಕ್ಟೋಬರ್ 3

ಮೈ ಉರಿಯುತ್ತಿದೆ.

ಊಟದ ಹೊತ್ತಿನಲ್ಲಿ ನಾನು ಪಕ್ಕದಲ್ಲೇ ನಿಂತು ಡಬ್ಬಿಗಳ ಮುಚ್ಚಳ ತೆಗೆದು ಕೊಡುತ್ತಿದ್ದೆ. ಪ್ರದ್ಯುಮ್ನ ನಿಸರ್ಗಾಗೆ ಹೇಳಿದ: "ಯುವರ್ ಮಾಮ್ ಈಸ್ ಡಂಬ್. ಮೈ ಮಾಮ್ ಸೆಡ್ ಶೀ ಈಸ್ ಎ ವಿಲೇಜ್ ಪರ್ಸನ್." ನನಗೆ ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ ಎಂದು ಅವನ ಲೆಕ್ಕ. ಅಂದರೆ ಆ ಡಾಕ್ಟರಮ್ಮ ಮನೆಯಲ್ಲಿ ಕೂತು ನನ್ನ ಬಗ್ಗೆ ಆಡುವ ಮಾತು ಇದು. ನನ್ನ ಮಂಡ್ಯದ ಮಾತು ಕೇಳಿದಾಗಲೆಲ್ಲ ಅವಳು ತುಟಿ ಕೊಂಕಿಸುವುದನ್ನು ನೋಡಿಲ್ಲವೇ ನಾನು?

ನಿಸರ್ಗಾ ಥಟ್ಟನೆ ತಿರುಗಿ ನನ್ನನ್ನು ನೋಡಿದಳು. ಕಾಯುತ್ತಿದ್ದಳು. ಆ ಹುಡುಗನಿಗೆ ಅವನಮ್ಮನಿಗಿಂತ ಚೆನ್ನಾದ ಇಂಗ್ಲಿಷ್‌ನಲ್ಲಿ ಜಾಡಿಸಬೇಕು ಎಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ಮುಗುಳ್ನಕ್ಕು, "ಕನ್ನಡದಲ್ಲಿ ಹೇಳಿ, ಪ್ರದ್ಯುಮ್ನಾ," ಎಂದೆ. ಅವನ ಮುಂದೆ ಡಬ್ಬಿ ಇಟ್ಟೆ. ನಿಸರ್ಗಾ ಊಟ ಮಾಡಲಿಲ್ಲ. ಬದನೆಕಾಯಿ ಪಲ್ಯ ಅವಳಿಗೆ ಸೇರುವುದಿಲ್ಲ.

ಇಷ್ಟು ಅವಮಾನ ನುಂಗಿದ ಮೇಲೆ ಮಾರ್ಚಿನ ಪ್ರದರ್ಶನದಲ್ಲಿ ಇವರ ಬಾಯಿ ಮುಚ್ಚಿಸದಿದ್ದರೆ ನಾನು ಶೈಲಜಾ ಅಲ್ಲ.

ಅಕ್ಟೋಬರ್ 21

ಬೆಳಿಗ್ಗೆ ಎದ್ದರೆ ನಿಸರ್ಗಾಗೆ ಹೊಟ್ಟೆನೋವು. ಈ ವಾರ ದಿನಾ ಇದೇ ರಾಗ. "ಟೀಚರ್, ನನಗೆ ಹೊಟ್ಟೆ ನೋಯುತ್ತಿದೆ," ಎಂದಳು. ಕ್ರಿಯಾಪದ ಎಷ್ಟು ಸೊಗಸಾಗಿ ಬಂತು! ಓಮದ ನೀರು ಕುಡಿಸಿ ಕರೆದುಕೊಂಡು ಹೋದೆ. ಶಾಲೆಯಲ್ಲಿ ಅಭ್ಯಾಸವಾಗಿ ಮನೆಯಲ್ಲೂ ಟೀಚರ್ ಎನ್ನುತ್ತಾಳೆ.

ನವೆಂಬರ್ 14

ಕಾರಿನಲ್ಲಿ ಈಗ ಎಷ್ಟು ನೆಮ್ಮದಿ. ಹೋಗುವಾಗ ಬರುವಾಗ ಹಾಡು ಕೇಳುತ್ತೇನೆ.

ಡಿಸೆಂಬರ್ 6

ಜಯರಾಮ್ ಜೊತೆ ಜೋರು ಜಗಳ. ಬಟ್ಟೆ ಮಡಿಸಿಡಲು ಹೋದರೆ ಬಾಲ್ಕನಿಯಲ್ಲಿ ಅಪ್ಪ ಮಗಳು ಕಂಬಳಿ ಹೊದ್ದು ಕೂತು ಇಂಗ್ಲಿಷ್‌ನಲ್ಲಿ ಗುಸುಗುಸು. ಅವಳು ಒಂದೇ ಸಮನೆ ಮಾತಾಡುತ್ತಿದ್ದಳು, ಕೈ ಬೀಸಿ ಬೀಸಿ. ನಾನು ಗಾಜಿನ ಬಾಗಿಲು ಸರಿಸಿದ್ದೇ ಸ್ವಿಚ್ ಆರಿಸಿದ ಹಾಗೆ ಸುಮ್ಮನಾದಳು.

"ನಾನು ಇಷ್ಟು ಕಷ್ಟಪಟ್ಟು ಕಟ್ತಾ ಇದ್ರೆ ನೀವು ಹಿಂದಿನಿಂದ ಕೆಡವ್ತಾ ಇದ್ದೀರಾ?"

"ಏನ್ ಕಟ್ತಾ ಇದ್ಯಮ್ಮಾ? ಆ ಮಗು ನಿನ್ ಹತ್ರ ಮಾತಾಡಿ ಎಷ್ಟ್ ದಿನ ಆಯ್ತು ಗೊತ್ತಾ?"

"ಬೆಳಿಗ್ಗೆಯಿಂದ ರಾತ್ರಿವರೆಗೂ ನನ್ ಜೊತೇನೇ ಇರ್ತಾಳೆ. ಎಲ್ಲಾದಕ್ಕೂ ಕನ್ನಡದಲ್ಲೇ ಉತ್ತರ ಕೊಡ್ತಾಳೆ. ನೀವು ಬಂದು ನೋಡಿದೀರಾ?"

"ಉತ್ತರ ಕೊಡ್ತಾಳೆ. ಅದೇ ನಾನೂ ಹೇಳ್ತಿರೋದು."

ಇವರ ಒಗಟು ಬಿಡಿಸಲು ನನಗೆ ಪುರುಸೊತ್ತಿಲ್ಲ. ಇನ್ನು ಮೇಲೆ ಅಪ್ಪನಿಗೂ ಇಂಗ್ಲಿಷ್ ಬರುವುದಿಲ್ಲ ಎಂದು ಹೇಳಿಬಿಟ್ಟೆ. ನಕ್ಕು ಎದ್ದು ಹೋದರು. ಅದು ನಗುವಿನ ಹಾಗೆ ಇರಲಿಲ್ಲ.

ಜನವರಿ 22

ನಿಸರ್ಗಾ ನನಗೆ ಮೋಸ ಮಾಡಿದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು!

ಆಟದ ಹೊತ್ತಿನಲ್ಲಿ ಮಕ್ಕಳೆಲ್ಲ ಗುಂಪಾಗಿ ನನ್ನ ಹತ್ತಿರ ಬಂದರು. ಮುಂದೆ ಪ್ರದ್ಯುಮ್ನ, ಮಧ್ಯೆ ಇವಳು, ಮುಖ ಕೆಂಪಗೆ. ಅಷ್ಟು ಹೊತ್ತಿಗೆ ನನಗೆ ಎಲ್ಲ ಗೊತ್ತಾಗಿತ್ತು, ಕಿಟಕಿಯಿಂದ ಕೇಳಿಸುತ್ತಿತ್ತಲ್ಲ. ನಮ್ಮಮ್ಮ ಡಂಬ್ ಅಲ್ಲ, ನಮ್ಮಮ್ಮನಿಗೆ ಇಂಗ್ಲಿಷ್ ಬರುತ್ತೆ, ಫೋನಿನಲ್ಲಿ ಅಮೆರಿಕನ್ನರ ಜೊತೆಯೇ ಕೆಲಸ ಮಾಡುತ್ತಿದ್ದಳು ಎಂದು ಇವಳು ಕಿರುಚಿದ್ದಳು. ಹಾಗಾದರೆ ಪ್ರೂವ್ ಮಾಡು ಎಂದಿದ್ದರು ಅವರು.

"ಮಿಸ್, ಡು ಯು ಸ್ಪೀಕ್ ಇಂಗ್ಲಿಷ್?" ಎಂದ ಪ್ರದ್ಯುಮ್ನ.

ಎಲ್ಲರ ಕಣ್ಣೂ ನನ್ನ ಮೇಲೆ. ನಿಸರ್ಗಾ ನನ್ನ ಚೂಡಿದಾರದ ಅಂಚು ಹಿಡಿದುಕೊಂಡು ಮೇಲೆ ನೋಡುತ್ತಿದ್ದಳು. ಎರಡು ತಿಂಗಳಲ್ಲಿ ಪ್ರದರ್ಶನ. ಈಗ ಬಾಯಿ ಬಿಟ್ಟರೆ ನಾಳೆಯಿಂದ ಒಂದು ಮಗುವೂ ನನ್ನ ಹತ್ತಿರ ಕನ್ನಡ ಆಡುವುದಿಲ್ಲ. ಆಗಸ್ಟಿನಿಂದ ಮಾಡಿದ್ದೆಲ್ಲ ಮಣ್ಣು.

"ಏನಪ್ಪಾ ಹೇಳ್ತಾ ಇದ್ದೀರಿ? ನನಗೆ ಅರ್ಥ ಆಗ್ಲಿಲ್ಲ. ಕನ್ನಡದಲ್ಲಿ ಹೇಳಿ."

ಗುಂಪು ಹೋ ಎಂದಿತು. ಲಾಯರ್, ಲಾಯರ್ ಎಂಬಂತೆ ಮೊದಲು ಕೇಳಿಸಿತು ನನ್ನ ಹಳೆಯ ಕಿವಿಗೆ. ಅಲ್ಲ, ಸುಳ್ಳುಬುರುಕಿ ಎಂದು ಕೂಗುತ್ತಿದ್ದರು, ಇಂಗ್ಲಿಷ್‌ನಲ್ಲಿ, ಅವಳ ಸುತ್ತ ಕುಣಿಯುತ್ತಾ. ಚೂಡಿದಾರದ ಅಂಚು ಬಿಟ್ಟಳು.

ಮನೆಗೆ ಬಂದ ಮೇಲೆ ಅತ್ತಳು. ಬಿಕ್ಕುತ್ತಾ ಬಿಕ್ಕುತ್ತಾ ಇಂಗ್ಲಿಷ್‌ನಲ್ಲಿ ಏನೇನೋ. ನಾನೂ ಕೆರಳಿದ್ದೆ, ಗುಟ್ಟು ಒಡೆದವಳು ಇವಳು. ಕನ್ನಡದಲ್ಲಿ ಹೇಳಿ ಎಂದೆ. ಪ್ರಯತ್ನ ಪಟ್ಟಳು. "ಅವರು... ನಾನು... ನೀನು ಯಾಕೆ..." ಎಂದು ಅಲ್ಲಿಗೆ ನಿಂತಳು. ಕಾಮನಬಿಲ್ಲಿನ ಬಣ್ಣ ಅಷ್ಟೂ ಬರುತ್ತದೆ, ಎಲೆಯ ಭಾಗಗಳು ಬರುತ್ತವೆ, ಇದು ಬರಲಿಲ್ಲ. ಮೂಗು ಒರೆಸಿಕೊಂಡು, "ಏನಿಲ್ಲ, ಟೀಚರ್," ಎಂದಳು.

ನಿಯಮ ಉಳಿಯಿತು. ಆದರೂ ಯಾಕೋ ಅನ್ನ ಸೇರಲಿಲ್ಲ.

ಫೆಬ್ರವರಿ 10

ಅವಳು ಬದಲಾಗಿದ್ದಾಳೆ. ಜನವರಿಯ ಆ ರಂಪ ಆದಮೇಲೆ ಒಂದೇ ಒಂದು ಇಂಗ್ಲಿಷ್ ಪದ ನನ್ನ ಮುಂದೆ ಆಡಿಲ್ಲ. ಹಾಲು ಬೇಕು. ಹಾಲು ಸಾಕು. ಸ್ನಾನ ಆಯಿತು. ಶುಭರಾತ್ರಿ. ಹೇಳಿದ್ದು ಮಾಡುತ್ತಾಳೆ. ಹಠ ಇಲ್ಲ, ಹೊಟ್ಟೆನೋವೂ ಇಲ್ಲ. ಮಲಗುವಾಗ ಕಥೆ ಹೇಳು ಎಂದು ಪೀಡಿಸುವುದೂ ಇಲ್ಲ, ತಾನೇ ದೀಪ ಆರಿಸುತ್ತಾಳೆ.

ಅನಂತಪದ್ಮನಾಭ ನೋಡಿ ಬೆರಗಾದರು. "ಮಾಡೆಲ್ ಸ್ಟೂಡೆಂಟು! ಪ್ರದರ್ಶನಕ್ಕೆ ಇವಳೇ ನಮ್ಮ ಮುಖ," ಎಂದರು.

ಮಾರ್ಚ್ 14

ಗೆದ್ದೆವು!

ಚರ್ಚಿನ ಹಾಲ್ ತುಂಬಿತ್ತು. ರೇಷ್ಮೆ ಸೀರೆಗಳು, ಫೋನ್ ಎತ್ತಿ ಹಿಡಿದ ಕೈಗಳು. ಗೋಡೆಯ ಪರದೆಯ ಮೇಲೆ ಸ್ಕಾಟ್‌ಲೆಂಡಿನಿಂದ ಇಸಬೆಲ್, ಬಿಳಿ ಕೂದಲಿನ ದಪ್ಪ ಹೆಂಗಸು. ನಮಗೆ ಬೆಳಿಗ್ಗೆ, ಅವರಿಗೆ ಸಂಜೆ. ನಿಸರ್ಗಾ ಲಂಗ ರವಿಕೆ ತೊಟ್ಟು ಮುಂದೆ ಬಂದು ನೀರಿನ ಕಥೆ ಹೇಳಿದಳು: ಸಮುದ್ರದ ನೀರು ಆವಿಯಾಗಿ, ಮೋಡವಾಗಿ, ಬೆಟ್ಟಕ್ಕೆ ತಾಗಿ, ಮಳೆಯಾಗಿ. ಎಲ್ಲಿಯೂ ತಡವರಿಸಲಿಲ್ಲ. ಪೋಷಕರ ಪ್ರಶ್ನೆಗಳಿಗೂ ಠಣಠಣ ಉತ್ತರ. ಕೊನೆಗೆ ಯಾರೋ ಹಿರಿಯರು, "ಮನೇಲಿ ಅಮ್ಮನ ಜೊತೆ ಏನ್ ಮಾತಾಡ್ತೀಯ ಪುಟ್ಟೀ?" ಎಂದು ಕೇಳಿದರು.

"ನಾನು ಮನೆಯಲ್ಲಿ ಕನ್ನಡದಲ್ಲಿ ಮಾತನಾಡುತ್ತೇನೆ," ಎಂದಳು.

ಚಪ್ಪಾಳೆಯೋ ಚಪ್ಪಾಳೆ. ರಂಜನಿ ಕಣ್ಣೊರೆಸಿಕೊಂಡು ಬಂದು ನನ್ನ ಕೈ ಹಿಡಿದಳು. "ಸಾರಿ ಶೈಲಜಾ, ನಾನು ನಂಬಿರ್ಲಿಲ್ಲ. ಪ್ರಡೀನ ಇಲ್ಲೇ ಮುಂದುವರಿಸ್ತೀವಿ," ಎಂದಳು. ಆ 'ಸಾರಿ'ಗಾಗಿ ಅಕ್ಟೋಬರಿನಿಂದ ಕಾದಿದ್ದೆ. ಮುಂದಿನ ವರ್ಷಕ್ಕೆ ಇನ್ನೊಂದು ಕೋಣೆಯೂ ಬೇಕಾಗಬಹುದು, ನಾನೇ ಮುಖ್ಯೋಪಾಧ್ಯಾಯಿನಿ. ಜಯರಾಮ್ ಹಿಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದಾಗಲೂ ಅವರು ಏಳಲಿಲ್ಲ.

ಮಾರ್ಚ್ 15

ಇವತ್ತು ಬೆಳಿಗ್ಗೆ ಇಸಬೆಲ್ ನನ್ನೊಬ್ಬಳ ಜೊತೆಗೇ ಮಾತಾಡಬೇಕೆಂದು ವಿಡಿಯೋ ಕಾಲ್ ಮಾಡಿದರು. ಆರು ತಿಂಗಳಿಂದ ಬಳಸದ ಇಂಗ್ಲಿಷು, ಮೊದಮೊದಲು ನಾಲಿಗೆ ತೊಡರಿತು. ಅಭಿನಂದನೆ ಹೇಳಿದರು. ಆಮೇಲೆ, ನೀರಿನ ಪಾಠ ಹೇಳಿದ ಹುಡುಗಿ ಯಾರ ಮಗಳು ಎಂದು ಕೇಳಿದರು.

ನನ್ನವಳೇ ಎಂದೆ, ಹೆಮ್ಮೆಯಿಂದ.

ಹೌದಾ, ಅಷ್ಟು ಹೊತ್ತಿನಲ್ಲಿ ಒಂದು ಸಲವೂ ನಿಮ್ಮ ಕಡೆ ನೋಡಲಿಲ್ಲ, ಅದಕ್ಕೇ ಕೇಳಿದೆ ಎಂದರು.

ನಾನು ನಿಯಮದ ವಿಷಯ ಹೇಳಿದೆ. ನಮ್ಮ ಶ್ರದ್ಧೆ ತಿಳಿಯಲಿ ಎಂದು ಎಲ್ಲ ಹೇಳಿದೆ: ಮನೆ, ಕಾರು, ಅಂಗಡಿ, ಜನವರಿಯ ಆ ದಿನ. ಇಸಬೆಲ್ ಕನ್ನಡಕ ತೆಗೆದರು. ಅಯ್ಯೋ ದೇವರೇ ಎಂದರು. ನಮ್ಮಲ್ಲಿ ನಟನೆ ಪಾಠದ ಹೊತ್ತಿಗೆ ಮಾತ್ರ. ಮಗು ಅತ್ತರೆ, ಬಿದ್ದರೆ, ಹೆದರಿದರೆ, ಅದು ಯಾವ ಭಾಷೆಯಲ್ಲಿ ಅಳುತ್ತದೋ ಆ ಭಾಷೆಯಲ್ಲಿ ಎತ್ತಿಕೊಳ್ಳುತ್ತೇವೆ. ಸ್ವಂತ ಮಗುವಿನ ಜೊತೆ ಇಂಥ ನಟನೆ ನಾನು ಕನಸಿನಲ್ಲೂ ಮಾಡುತ್ತಿರಲಿಲ್ಲ. ಇದನ್ನೆಲ್ಲ ಆ ನಿಮ್ಮ ಅನಂತಪದ್ಮನಾಭರಿಗೆ ಹೇಳಿದ್ದೆನಲ್ಲ, ಅವರು ಬರೆದುಕೊಳ್ಳುತ್ತಿದ್ದರಲ್ಲ ಎಂದರು.

ಅನಂತಪದ್ಮನಾಭರಿಗೆ ಫೋನು ಮಾಡಿದೆ. "ಹೌದು ಹೌದು, ಏನೋ ಎಕ್ಸೆಪ್ಷನ್ನು ಹೇಳಿದ್ರು," ಎಂದರು. "ಎಕ್ಸೆಪ್ಷನ್ ಕೊಟ್ರೆ ನಮ್ಮ ಜನ ಅದನ್ನೇ ರೂಲ್ ಮಾಡ್ಕೋತಾರೆ ಅಂತ ನಾನೇ ಬಿಟ್ಟೆ. ರಿಸಲ್ಟ್ ನೋಡಿ ಎಷ್ಟ್ ಚೆನ್ನಾಗ್ ಬಂತು!"

ಬಾಯಿಗೆ ಬಂದ ಹಾಗೆ ಬೈದೆ. ಅವರನ್ನು ಬೈದು ಏನು ಪ್ರಯೋಜನ, ನಿಸರ್ಗಾ ಚೂಡಿದಾರ ಹಿಡಿದುಕೊಂಡು ನಿಂತಿದ್ದು ಅವರ ಮುಂದೆ ಅಲ್ಲ.

ಜಯರಾಮ್ ಗ್ರೋಸರಿಗೆ ಹೋಗಿದ್ದರು. ನಿಸರ್ಗಾ ನಡುಮನೆಯ ಕಾರ್ಪೆಟ್ ಮೇಲೆ ಬೋರಲು ಮಲಗಿ ಚಿತ್ರಕ್ಕೆ ಬಣ್ಣ ಹಚ್ಚುತ್ತಿದ್ದಳು. ಪಕ್ಕದಲ್ಲಿ ಕೂತೆ. ಇಂಗ್ಲಿಷ್‌ನಲ್ಲಿ ಹೇಳಿದೆ, ನನಗೆ ಬರುವ ಅತ್ಯಂತ ಒಳ್ಳೆಯ ಇಂಗ್ಲಿಷ್‌ನಲ್ಲಿ: ಬಂಗಾರಿ, ಆಟ ಮುಗಿಯಿತು. ನನ್ನ ಹತ್ತಿರ ಹೇಳು. ಅವತ್ತು ಹೇಳಲು ಬಂದಿದ್ದನ್ನು, ಅದಕ್ಕೂ ಮೊದಲಿನದನ್ನು, ಎಲ್ಲ ಹೇಳು. ನನಗೆ ಅರ್ಥವಾಗುತ್ತದೆ. ಯಾವಾಗಲೂ ಅರ್ಥವಾಗುತ್ತಿತ್ತು.

ಪೆನ್ಸಿಲ್ ಕೆಳಗಿಟ್ಟಳು. ತಲೆ ಒಂದು ಕಡೆ ವಾಲಿಸಿ ನನ್ನನ್ನು ನೋಡಿದಳು. ಮುಗುಳ್ನಕ್ಕಳು. ಆ ನಗು ನನಗೆ ಗೊತ್ತು. ನನ್ನದೇ.

"ನನಗೆ ಅರ್ಥ ಆಗ್ಲಿಲ್ಲ," ಎಂದಳು. "ಕನ್ನಡದಲ್ಲಿ ಹೇಳಿ."

ತಮಾಷೆ ಮಾಡುತ್ತಿದ್ದಾಳೇನೋ ಎಂದು ಕಾದೆ. ಕಿಲಕಿಲ ನಗುತ್ತಾಳೆ, ಈಗ ನಗುತ್ತಾಳೆ. ನಗಲಿಲ್ಲ. ಸರಿ, ಕನ್ನಡದಲ್ಲೇ ಹೇಳೋಣ, ನನ್ನ ಭಾಷೆಯಲ್ಲವೇ. ತಪ್ಪಾಯ್ತು ಕಣವ್ವಾ ಎನ್ನಬೇಕಿತ್ತು. ನೀನು ಸುಳ್ಳುಬುರುಕಿಯಲ್ಲ, ನಾನು ಎನ್ನಬೇಕಿತ್ತು. ಬಾಯಿ ತೆರೆದೆ. "ನಾನು... ಅವತ್ತು... ನೀನು..." ಎಂದೆ. ಅಲ್ಲಿಗೆ ನಿಂತೆ. ಅವಳು ಅವಸರ ಮಾಡಲಿಲ್ಲ. ತಾಳ್ಮೆಯಿಂದ ಕಾಯುತ್ತಿದ್ದಳು, ನಾನು ತರಗತಿಯಲ್ಲಿ ಕಾಯುವ ಹಾಗೆ.

"ಏನಿಲ್ಲ, ಪುಟ್ಟಾ," ಎಂದೆ.

"ಸರಿ, ಟೀಚರ್," ಎಂದು ಪೆನ್ಸಿಲ್ ಎತ್ತಿಕೊಂಡಳು.